ಜೂಜುಕಟ್ಟೆಯಲ್ಲಿ ಕನ್ನಡದ ಸಭೆ

ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ ಟೆಕ್ಸಸ್ಸಿನ ಮೂರು ಊರುಗಳ ಹನ್ನೆರಡು ಮಂದಿ ಕನ್ನಡಿಗರು ಜೂಮ್‌ನಲ್ಲಿ ಕೂತಿದ್ದೆವು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಓದುಗರೂ ಬರಹಗಾರರೂ ಸೇರಿ ಎರಡು ದಿನದ ಕೂಟವೊಂದನ್ನು ನಡೆಸಬೇಕು, ಒಂದು ನಾಟಕ, ಎರಡು ಗೋಷ್ಠಿ, ಒಂದು ಪುಸ್ತಕ ಬಿಡುಗಡೆ, ಮಕ್ಕಳಿಗೆ ಒಂದು ಕಮ್ಮಟ ಇರಬೇಕು ಎಂಬುದು ಆಗಲೇ ತೀರ್ಮಾನವಾಗಿತ್ತು. ಉಳಿದದ್ದು ಜಾಗದ ಪ್ರಶ್ನೆ. ಡಲ್ಲಾಸಿನ ಹೋಟೆಲೊಂದರ ದರಪಟ್ಟಿಯನ್ನು ಓದಿ ಎಲ್ಲರೂ ಸುಮ್ಮನಾಗಿದ್ದಾಗ ಗೆಳೆಯರೊಬ್ಬರು ತೆರೆಯ ಮೇಲೆ ಮತ್ತೊಂದು ದರಪಟ್ಟಿಯನ್ನು ತೋರಿಸಿದರು. ರೆಡ್ ನದಿಯ ಆಚೆ ದಡದ, ಓಕ್ಲಹೋಮಾದ ಕ್ಯಾಸಿನೊ ರೆಸಾರ್ಟೊಂದರದು. ಕೋಣೆಯ ಬಾಡಿಗೆ ಅರ್ಧಕ್ಕಿಂತ ಕಡಿಮೆ. ಇಷ್ಟು ಕೋಣೆ ಹಿಡಿದರೆ ಸಭಾಂಗಣಕ್ಕೆ ಬಾಡಿಗೆಯೇ ಇಲ್ಲ. ಕಾರು ನಿಲ್ಲಿಸಲು ಕಾಸು ಕೊಡಬೇಕಿಲ್ಲ.

"ನಾವೇನು ಆಡಲಿಕ್ಕೆ ಹೋಗುತ್ತೇವೆಯೇ ಸರ್? ಗೋಷ್ಠಿ ಮುಗಿಸಿ, ಊಟ ಮಾಡಿ, ಮಲಗುತ್ತೇವೆ" ಎಂದರು ಅವರು. ಹ್ಯೂಸ್ಟನ್ನಿನ ಸದಸ್ಯೆಯೊಬ್ಬರು "ಹಾಗಿದ್ದರೆ ನಮಗೆ ಲೂಸಿಯಾನದ ಲೇಕ್ ಚಾರ್ಲ್ಸ್ ಹತ್ತಿರ, ಅಲ್ಲಿಯೂ ಇಂಥವು ಇವೆಯಲ್ಲ" ಎಂದರು. ಆಸ್ಟಿನ್ನಿನವರು ತಮಗೆ ಎರಡೂ ಸಮಾನ ದೂರವೆಂದು ನಕ್ಕರು. ಅಷ್ಟು ಹೊತ್ತು ಮಾತಾಡದೆ ಕೂತಿದ್ದ ಹಿರಿಯರೊಬ್ಬರು, ನಾವೆಲ್ಲ ಅಕ್ಕ ಎಂದು ಕರೆಯುವವರು, ಒಂದೇ ಪ್ರಶ್ನೆ ಕೇಳಿದರು: "ಅಷ್ಟು ಅಗ್ಗಕ್ಕೆ ಕೊಟ್ಟರೆ ಅವರಿಗೆ ಹೇಗಪ್ಪ ಪೂರೈಸುತ್ತದೆ?"

ಆ ಪ್ರಶ್ನೆಗೆ ಅಂದು ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಈ ಸಂಪಾದಕೀಯ ಆ ಉತ್ತರವನ್ನು ಹುಡುಕುವ ಪ್ರಯತ್ನ. ಜೂಜು ಪಾಪವೋ ಅಲ್ಲವೋ ಎಂಬ ಚರ್ಚೆ ನಮಗೆ ಬೇಕಿಲ್ಲ. ಬಲಿಪಾಡ್ಯಮಿಯಂದು ಪಗಡೆಯಾಡಿದ ಮನೆಗಳಿಂದಲೇ ನಾವು ಬಂದವರು. ಕರಾವಳಿಯ ಕೋಳಿ ಅಂಕವನ್ನೂ ಜಾತ್ರೆಯ ಅಂದರ್ ಬಾಹರ್ ಆಟವನ್ನೂ ಕಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪ್ರಶ್ನೆ ಇರುವುದು ಲೆಕ್ಕದ ಪುಸ್ತಕದಲ್ಲಿ: ನಮ್ಮ ಸಭೆಯ ಬಾಡಿಗೆಯನ್ನು ನಮಗಿಂತ ಮೊದಲೇ ಕಟ್ಟಿರುವವರು ಯಾರು?

ಟೆಕ್ಸಸ್ಸಿನಲ್ಲಿ ನೆಲೆಸಿರದ ಓದುಗರಿಗೆ ಇಲ್ಲಿನ ವಿಚಿತ್ರ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಇಷ್ಟು ದೊಡ್ಡ ರಾಜ್ಯದಲ್ಲಿ ಖಾಸಗಿ ಕ್ಯಾಸಿನೊ ಒಂದೂ ಇಲ್ಲ. 1876ರ ಸಂವಿಧಾನವೇ ಅದಕ್ಕೆ ಅಡ್ಡ ನಿಂತಿದೆ. ಅದನ್ನು ತಿದ್ದಬೇಕಾದರೆ ಶಾಸನಸಭೆಯ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಆಮೇಲೆ ಜನಮತವೂ ಬೇಕು. ಹಾಗೆಂದು ಟೆಕ್ಸಸ್ ಜೂಜನ್ನು ದೂರವಿಟ್ಟ ರಾಜ್ಯವೇನೂ ಅಲ್ಲ. 1991ರಲ್ಲಿ ಮತದಾರರು ಒಪ್ಪಿಗೆ ಕೊಟ್ಟ ಮೇಲೆ 1992ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ಉಜ್ಜಿ ನೋಡುವ ಚೀಟಿಗಳ ಸುರುಳಿಗಳು ಬಣ್ಣಬಣ್ಣವಾಗಿ ನೇತಾಡುತ್ತವೆ. ಅವುಗಳ ಲಾಭ ಶಾಲೆಗಳಿಗೆ ಹೋಗುತ್ತದೆಂಬುದು ಸರ್ಕಾರದ ಸಮಾಧಾನ. 2023ರ ಏಪ್ರಿಲ್‌ನಲ್ಲಿ ಒಂದು ಕೂಟ ಸಾಧ್ಯವಿದ್ದ ಹೆಚ್ಚುಕಡಿಮೆ ಎಲ್ಲ ಸಂಖ್ಯೆಗಳ ಚೀಟಿಗಳನ್ನೂ ಸಗಟಾಗಿ ಕೊಂಡು 95 ಮಿಲಿಯನ್ ಡಾಲರಿನ ಬಹುಮಾನವನ್ನು ಹೊತ್ತೊಯ್ದ ಮೇಲೆ ಎದ್ದ ಗದ್ದಲದಲ್ಲಿ ಲಾಟರಿ ಆಯೋಗವೇ ರದ್ದಾಗಿ, 2025ರ ಸೆಪ್ಟೆಂಬರಿನಿಂದ ಅದರ ಕೆಲಸ ಬೇರೊಂದು ಇಲಾಖೆಗೆ ಹೋಯಿತು. ಲಾಟರಿ ಮಾತ್ರ ಮುಂದುವರಿದಿದೆ. ನಮ್ಮ ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು ಎಂಬುದನ್ನು ಇಲ್ಲಿ ಹೇಳಿದರೆ ಸಹೋದ್ಯೋಗಿಗಳು ನಂಬುವುದಿಲ್ಲ.

ಹೀಗಾಗಿ ಟೆಕ್ಸಸ್ಸಿನ ಹಣ ಗಡಿ ದಾಟುತ್ತದೆ. ಡಲ್ಲಾಸಿನವರು ಐ-35 ಹಿಡಿದು ಉತ್ತರಕ್ಕೆ ಹೊರಟರೆ ನದಿ ದಾಟಿದ ಕೂಡಲೇ ಥ್ಯಾಕರ್‌ವಿಲ್‌ನಲ್ಲಿ ಚಿಕಸಾ ರಾಷ್ಟ್ರದ ವಿನ್‌ಸ್ಟಾರ್ ಸಿಗುತ್ತದೆ. ಅದು ಜಗತ್ತಿನ ಅತಿ ದೊಡ್ಡ ಕ್ಯಾಸಿನೊಗಳಲ್ಲಿ ಒಂದು. ಹೆದ್ದಾರಿ 75ರಲ್ಲಿ ಹೋದರೆ ಡ್ಯುರಾಂಟ್‌ನಲ್ಲಿ ಚಾಕ್ಟಾ ರಾಷ್ಟ್ರದ್ದು. ಹ್ಯೂಸ್ಟನ್ನಿನವರಿಗೆ ಐ-10ರಲ್ಲಿ ಪೂರ್ವಕ್ಕೆ ಲೇಕ್ ಚಾರ್ಲ್ಸ್. ಗೋವಾಕ್ಕೂ ನಮ್ಮ ಬೆಳಗಾವಿ–ಹುಬ್ಬಳ್ಳಿಗಳಿಗೂ ಇರುವ ಸಂಬಂಧ ಇದೇ ಅಲ್ಲವೇ? ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಜೂಜಿನ ಹಡಗುಗಳಿಗೆ ವಾರಾಂತ್ಯದಲ್ಲಿ ಕರ್ನಾಟಕದ ನೋಂದಣಿಯ ಕಾರುಗಳು ಜನರನ್ನು ತಂದು ಇಳಿಸುತ್ತವೆ. ಗೋವಾ ಸರ್ಕಾರ 2020ರಲ್ಲಿ ತನ್ನ ನಿವಾಸಿಗಳು ಅಲ್ಲಿ ಆಡದಂತೆ ನಿರ್ಬಂಧ ಹೇರಿತು. ಸಿಂಗಪುರ 2010ರಲ್ಲಿ ಕ್ಯಾಸಿನೊ ತೆರೆದಾಗ ಹೊರಗಿನವರಿಗೆ ಪ್ರವೇಶ ಉಚಿತ, ಸ್ವಂತ ಪ್ರಜೆಗಳಿಗೆ ಮಾತ್ರ ದಿನಕ್ಕೆ 100 ಡಾಲರ್ ಶುಲ್ಕ ಎಂದಿತು. 2019ರಲ್ಲಿ ಅದನ್ನು 150ಕ್ಕೆ ಏರಿಸಿತು. ಮಾರುವವನೇ ತನ್ನ ಮನೆಯವರು ತಿನ್ನದಂತೆ ಎತ್ತಿಡುವ ತಿಂಡಿ ಇದು.

ಇನ್ನು ಅಕ್ಕನ ಪ್ರಶ್ನೆ. ಸಭೆ–ಸಮ್ಮೇಳನಗಳಿಗೂ ಕ್ಯಾಸಿನೊಗಳಿಗೂ ನಂಟು ಬೆಸೆದದ್ದು ಆಕಸ್ಮಿಕವೇನಲ್ಲ, ಅದರ ಹಿಂದೆ ಒಬ್ಬ ವ್ಯಾಪಾರಿಯ ದೂರದೃಷ್ಟಿಯಿದೆ. ಶೆಲ್ಡನ್ ಅಡೆಲ್ಸನ್ ಮೂಲತಃ ಜೂಜಿನ ಮನುಷ್ಯನಲ್ಲ, ಸಮ್ಮೇಳನಗಳ ಮನುಷ್ಯ. 1979ರಲ್ಲಿ ಆತ ಮತ್ತು ಪಾಲುದಾರರು ಲಾಸ್ ವೇಗಸ್‌ನಲ್ಲಿ ಶುರುಮಾಡಿದ ಕಂಪ್ಯೂಟರ್ ಮೇಳ ಕಾಮ್‌ಡೆಕ್ಸ್ ನಮ್ಮ ಹಿರಿಯ ತಲೆಮಾರಿನ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತು. ಅವರಲ್ಲಿ ಹಲವರು ಮೊದಲ ಬಾರಿ ವೇಗಸ್ ಕಂಡದ್ದೇ ಕಂಪನಿಯ ಬ್ಯಾಡ್ಜ್ ಕೊರಳಿಗೆ ಹಾಕಿಕೊಂಡು. ಶುಕ್ರವಾರ ಶನಿವಾರ ಜೂಜುಗಾರರಿಂದ ತುಂಬುವ ಕೋಣೆಗಳು ಸೋಮವಾರದಿಂದ ಗುರುವಾರದವರೆಗೆ ಖಾಲಿ ಬಿದ್ದಿರುತ್ತವೆ ಎಂಬುದನ್ನು ಅಡೆಲ್ಸನ್ ಗಮನಿಸಿದ. ಅವುಗಳನ್ನು ತುಂಬಲು ಸಮ್ಮೇಳನಗಳೇ ಸರಿ ಎಂದು ಸ್ಯಾಂಡ್ಸ್ ಹೋಟೆಲನ್ನು ಕೊಂಡು ಪಕ್ಕದಲ್ಲೇ 1990ರಲ್ಲಿ ಭಾರಿ ಪ್ರದರ್ಶನ ಮಂದಿರ ಕಟ್ಟಿದ. 1995ರಲ್ಲಿ ಮೇಳವನ್ನು ಸಾಫ್ಟ್‌ಬ್ಯಾಂಕಿಗೆ ಮಾರಿ, ಹಳೆಯ ಹೋಟೆಲನ್ನು ಕೆಡವಿ 1999ರಲ್ಲಿ ವೆನೀಷಿಯನ್ ತೆರೆದ. ಮುಂದೆ ಮಕಾವ್, ಸಿಂಗಪುರ. ಕ್ಯಾಸಿನೊ ಎಂಬ ಮಾತು ಮುಜುಗರ ತರುವ ಕಡೆಗಳಲ್ಲಿ ಅದಕ್ಕೆ 'ಸಮಗ್ರ ರೆಸಾರ್ಟ್' ಎಂಬ ಹೆಸರು ಬಂತು. ಸಭಾಂಗಣ ಆ ಹೆಸರಿನ ಗೌರವದ ಮುಖ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ವೇಗಸ್‌ನ ದೊಡ್ಡ ಬೀದಿಯಲ್ಲಿ ಇಂದು ಜೂಜಿಗಿಂತ ಕೋಣೆ, ಊಟ, ಮನರಂಜನೆಗಳಿಂದ ಬರುವ ಹಣವೇ ಹೆಚ್ಚು, ಅಲ್ಲಿ ಯಾವುದೂ ಈಗ ಅಗ್ಗವಿಲ್ಲ. ಆದರೆ ಹೆದ್ದಾರಿ ಪಕ್ಕದ ಪ್ರಾಂತೀಯ ಕ್ಯಾಸಿನೊಗಳ ಜೀವಾಳ ಇಂದಿಗೂ ಯಂತ್ರಗಳೇ. ಅಲ್ಲಿ ಕೋಣೆಯೆಂಬುದು ಗಿರಾಕಿಯನ್ನು ಒಂದು ರಾತ್ರಿ ಹೆಚ್ಚು ಹಿಡಿದಿಡುವ ಉಪಾಯ. ನಮ್ಮ ದರಪಟ್ಟಿಯ ಅರ್ಧ ಬೆಲೆಯ ಗುಟ್ಟು ಇಷ್ಟೇ: ಉಳಿದರ್ಧವನ್ನು ಪಕ್ಕದ ಅಂಗಳದಲ್ಲಿ ಯಂತ್ರದ ಮುಂದೆ ಕೂತವರು ಕಟ್ಟುತ್ತಾರೆ. ಕೂತವರು ಯಾರು? ಮಾನವಶಾಸ್ತ್ರಜ್ಞೆ ನತಾಶಾ ಡೌ ಶೂಲ್ ಲಾಸ್ ವೇಗಸ್‌ನಲ್ಲಿ ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿ 2012ರಲ್ಲಿ ಪ್ರಕಟಿಸಿದ 'ಅಡಿಕ್ಷನ್ ಬೈ ಡಿಸೈನ್' ಎಂಬ ಪುಸ್ತಕ ಇದಕ್ಕೆ ಉತ್ತರ ಕೊಡುತ್ತದೆ. ಅವರು ಮಾತಾಡಿಸಿದ ಕಾಯಂ ಆಟಗಾರರು ಗೆಲ್ಲಲಿಕ್ಕೆಂದು ಆಡುವವರಲ್ಲ, ಆಟದೊಳಗೆ ಉಳಿಯಲಿಕ್ಕೆಂದೇ ಆಡುವವರು. ಕುರ್ಚಿಯ ಎತ್ತರ, ಗುಂಡಿಯ ವೇಗ, ನೆಲಹಾಸಿನ ತಿರುವು, ದೀಪದ ಬಣ್ಣ, ಎಲ್ಲವೂ ಅವರನ್ನು ಅಲ್ಲೇ ಉಳಿಸಲೆಂದು ಎಂಜಿನಿಯರುಗಳು ಕೂತು ವಿನ್ಯಾಸ ಮಾಡಿದಂಥವು. (ನಮ್ಮ ಓದುಗರಲ್ಲಿ ಬಹಳಷ್ಟು ಮಂದಿ ಬೇರೆ ಬೇರೆ ಪರದೆಗಳಿಗೆ ಇದೇ ಕೆಲಸವನ್ನು ಮಾಡಿ ಸಂಬಳ ಪಡೆಯುವವರು ಎಂಬುದನ್ನೂ ಸಂಕೋಚದಿಂದಲೇ ಹೇಳಬೇಕು.) ಸಭಾಂಗಣದಿಂದ ಕೋಣೆಗೆ, ಕೋಣೆಯಿಂದ ಊಟಕ್ಕೆ ಹೋಗುವ ದಾರಿಯೂ ಸಾಮಾನ್ಯವಾಗಿ ಆ ಯಂತ್ರಗಳ ಅಂಚಿನಲ್ಲೇ ಸಾಗುತ್ತದೆ. ಗೋಷ್ಠಿ ಮುಗಿಸಿ ಮಲಗುವವರು ನಾವು ಎಂಬ ವಿಶ್ವಾಸವನ್ನು ಆ ಕಟ್ಟಡದ ನಕ್ಷೆ ಬರೆದವರು ಹಂಚಿಕೊಂಡಿಲ್ಲ.

ಕನ್ನಡಿಗರು ಇಂಥ ಊರಿನಲ್ಲಿ ಸಭೆ ಸೇರುವುದು ಹೊಸದಲ್ಲ. ಅಕ್ಕ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನಗಳ ಸರಣಿ 2000ದಲ್ಲಿ ನಮ್ಮ ಹ್ಯೂಸ್ಟನ್ನಿನಿಂದ ಶುರುವಾಯಿತು. 2016ರಲ್ಲಿ ಅದು ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯಿತು, 2018ರಲ್ಲಿ ಡಲ್ಲಾಸಿಗೆ ಬಂತು. ಅಟ್ಲಾಂಟಿಕ್ ಸಿಟಿಯದ್ದು ಕ್ಯಾಸಿನೊಗಳಿಂದಲೇ ಬದುಕುವ ಊರು. 1976ರ ಜನಮತದಲ್ಲಿ ನ್ಯೂಜೆರ್ಸಿಯ ಮತದಾರರು ಅಲ್ಲಿ ಜೂಜಿಗೆ ಒಪ್ಪಿಗೆ ಕೊಟ್ಟದ್ದು ಊರು ಚೇತರಿಸಿಕೊಳ್ಳುತ್ತದೆ, ಮುದುಕರಿಗೂ ಅಂಗವಿಕಲರಿಗೂ ನೆರವಿನ ನಿಧಿ ಸಿಗುತ್ತದೆ ಎಂಬ ಭರವಸೆಯ ಮೇಲೆ. 1978ರಲ್ಲಿ ಮೊದಲ ಕ್ಯಾಸಿನೊ ತೆರೆಯಿತು. ನಿಧಿ ಬಂತು, ನಿಜ. ಸುತ್ತಲಿನ ರಾಜ್ಯಗಳೂ ಕ್ಯಾಸಿನೊ ತೆರೆದ ಮೇಲೆ, 2014ರ ಒಂದೇ ವರ್ಷದಲ್ಲಿ ಅಟ್ಲಾಂಟಿಕ್ ಸಿಟಿಯ ನಾಲ್ಕು ಕ್ಯಾಸಿನೊಗಳು ಬಾಗಿಲು ಹಾಕಿಕೊಂಡವು.

2016ರ ಆ ಬೇಸಗೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೆನೆಯಬೇಕು. ಸಮುದ್ರದಂಡೆಯ ಹಲಗೆಹಾದಿಯ ಮೇಲೆ, ಹಿಂದೆ ಡೊನಾಲ್ಡ್ ಟ್ರಂಪ್ ಕಟ್ಟಿಸಿ 1990ರಲ್ಲಿ ತೆರೆದಿದ್ದ, ಆಗ ಹೂಡಿಕೆದಾರ ಕಾರ್ಲ್ ಐಕಾನ್ ಕೈಗೆ ಹೋಗಿದ್ದ ತಾಜ್ ಮಹಲ್ ಕ್ಯಾಸಿನೊದ ಎದುರು ಜುಲೈ 1ರಿಂದ ಕಾರ್ಮಿಕರು ಮುಷ್ಕರ ಹೂಡಿದ್ದರು. ಕೋಣೆ ಗುಡಿಸುವವರು, ಅಡುಗೆಯವರು, ಪಾನೀಯ ಹಂಚುವ ಹೆಂಗಸರು. ಯುನೈಟ್ ಹಿಯರ್ ಸಂಘದ 54ನೆಯ ಶಾಖೆಯವರು. ದಿವಾಳಿ ಪ್ರಕ್ರಿಯೆಯಲ್ಲಿ ಕಿತ್ತುಕೊಂಡ ಆರೋಗ್ಯವಿಮೆಯನ್ನೂ ಪಿಂಚಣಿಯನ್ನೂ ವಾಪಸು ಕೊಡಿ ಎಂಬುದು ಅವರ ಬೇಡಿಕೆ. ಆಗಸ್ಟ್ ಮೊದಲ ವಾರದಲ್ಲಿ ಮಾಲೀಕರು ಕ್ಯಾಸಿನೊವನ್ನೇ ಮುಚ್ಚುತ್ತೇವೆಂದರು. ಅಕ್ಟೋಬರ್ 10ರಂದು ಮುಚ್ಚಿಯೂ ಮುಚ್ಚಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ನಮ್ಮ ಸಮ್ಮೇಳನ ಅದೇ ಊರಿನ ಕನ್ವೆನ್ಷನ್ ಸೆಂಟರಿನಲ್ಲಿ ನಡೆದದ್ದು ಆ ಎರಡು ದಿನಾಂಕಗಳ ನಡುವೆ, ಸೆಪ್ಟೆಂಬರಿನ ಮೊದಲ ವಾರಾಂತ್ಯದಲ್ಲಿ. ಅಮೆರಿಕದಲ್ಲಿ ಅದು ಕಾರ್ಮಿಕ ದಿನದ ವಾರಾಂತ್ಯ. ಸಮ್ಮೇಳನ ಯಾವ ಕ್ಯಾಸಿನೊದ ಒಳಗೂ ನಡೆದಿರಲಿಲ್ಲ, ಸಂಘಟಕರದು ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾರ್ಮಿಕರ ಹೋರಾಟಗಳ ಕತೆ–ಕವಿತೆ ಓದಿಕೊಂಡೇ ಬೆಳೆದವರೆನ್ನುವ ನಾವು, ಸಂಜೆ ಆ ಹಲಗೆಹಾದಿಯ ಮೇಲೆ ಐಸ್‌ಕ್ರೀಮು ತಿನ್ನುತ್ತ ಅಡ್ಡಾಡಿದ ನಾವು, ಫಲಕ ಹಿಡಿದು ನಿಂತವರ ಬಳಿ ಎಷ್ಟು ಮಂದಿ ಒಂದು ಗಳಿಗೆ ನಿಂತೆವು?

ಟೆಕ್ಸಸ್ಸಿನಲ್ಲಿ ಈಗ ಕೇಳಿಬರುತ್ತಿರುವ ಭರವಸೆಗಳು 1976ರ ಭರವಸೆಗಳ ಅಣ್ಣತಮ್ಮಂದಿರಂತೆ ಇವೆ. ಅಡೆಲ್ಸನ್ 2021ರಲ್ಲಿ ತೀರಿಕೊಂಡ ಮೇಲೆ ಲಾಸ್ ವೇಗಸ್ ಸ್ಯಾಂಡ್ಸ್ ಕಂಪನಿ ಹೆಸರಿಗೆ ಕಾರಣವಾದ ಊರಿನ ತನ್ನ ಆಸ್ತಿಗಳನ್ನೇ ಮಾರಿ ಹೊಸ ನೆಲಗಳತ್ತ ಕಣ್ಣು ಹಾಯಿಸಿತು. ಆ ನೆಲಗಳಲ್ಲಿ ಟೆಕ್ಸಸ್ ಮೊದಲನೆಯದು. ಪತ್ನಿ ಮಿರಿಯಮ್ ಅಡೆಲ್ಸನ್ ಅವರ ಕುಟುಂಬ 2023ರ ಕೊನೆಯಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಬಹುಪಾಲನ್ನು ಕೊಂಡಿತು. ಆಸ್ಟಿನ್ನಿನ ಗುಲಾಬಿ ಗ್ರಾನೈಟಿನ ಶಾಸನಭವನದಲ್ಲಿ ಅವರ ಪರ ಲಾಬಿ ನಡೆಸುವವರು ಕಿಕ್ಕಿರಿದರು. ಚುನಾವಣಾ ನಿಧಿಗಳಿಗೆ ಲಕ್ಷಲಕ್ಷ ಡಾಲರ್ ಹರಿಯಿತು. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇದೇ ಮಿರಿಯಮ್ ಅಡೆಲ್ಸನ್ ಟ್ರಂಪ್ ಪರವಾಗಿ ನೂರು ಮಿಲಿಯನ್ ಡಾಲರಿನಷ್ಟು ಹಣ ಸುರಿದರೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. 2023ರ ಅಧಿವೇಶನದಲ್ಲಿ ಕ್ರೀಡಾ ಬಾಜಿಯ ಪ್ರಸ್ತಾವಕ್ಕೆ ಕೆಳಮನೆಯಲ್ಲಿ 101 ಮತ ಸಿಕ್ಕಿತು, ಕ್ಯಾಸಿನೊ ಪ್ರಸ್ತಾವ ಬೇಕಾದ ನೂರನ್ನು ಮುಟ್ಟಲಿಲ್ಲ. ಮೇಲ್ಮನೆ ಎರಡನ್ನೂ ಎತ್ತಿಕೊಳ್ಳಲಿಲ್ಲ. 2025ರಲ್ಲೂ ಅದೇ ಆಯಿತು. ಶಾಸನಸಭೆ ಮತ್ತೆ ಕೂರುವುದು 2027ರ ಜನವರಿಯಲ್ಲಿ.

ಈ ನಡುವೆ ನಮ್ಮವರ ಬಾಗಿಲಿಗೇ ವಿಷಯ ಬಂತು. ಡಲ್ಲಾಸ್ ಪಕ್ಕದ ಅರ್ವಿಂಗ್ ಊರಿನಲ್ಲಿ, ಹಿಂದೆ ಕೌಬಾಯ್ಸ್ ತಂಡ ಆಡುತ್ತಿದ್ದು 2010ರಲ್ಲಿ ಕೆಡವಿದ ಟೆಕ್ಸಸ್ ಸ್ಟೇಡಿಯಮ್ಮಿನ ಆಸುಪಾಸಿನಲ್ಲಿ, ಸ್ಯಾಂಡ್ಸ್ ನೆಲ ಕೊಂಡು 2025ರ ಮಾರ್ಚಿನಲ್ಲಿ ರೆಸಾರ್ಟಿಗೆ ಅನುಮತಿ ಕೇಳಿತು. ಹೋಟೆಲು, ಸಮ್ಮೇಳನ ಮಂದಿರ, ಕ್ರೀಡಾಂಗಣ, ಮತ್ತು ಕಾನೂನು ಮುಂದೆಂದಾದರೂ ಬಿಟ್ಟರೆ ಕ್ಯಾಸಿನೊ. ಅರ್ವಿಂಗ್‌ನಲ್ಲಿ ಭಾರತೀಯರು ಎಷ್ಟು ದಟ್ಟವಾಗಿ ನೆಲೆಸಿದ್ದಾರೆಂಬುದು ಗೊತ್ತೇ ಇದೆ. ಡಲ್ಲಾಸ್ ಸುತ್ತಿನ ಹಳೆಯ ಹಿಂದೂ ದೇವಾಲಯ ಅಲ್ಲಿದೆ, 2014ರಲ್ಲಿ ಅನಾವರಣಗೊಂಡ ಗಾಂಧಿಯ ಪ್ರತಿಮೆಯೂ ಅಲ್ಲೇ ಇದೆ. ವಿರೋಧಿಸಿ ಮಾತಾಡಲು ನಗರಸಭೆಯ ಮುಂದೆ ಸಾಲುಗಟ್ಟಿದವರಲ್ಲಿ ಕ್ಯಾಥೊಲಿಕರಿದ್ದರು, ಮುಸ್ಲಿಮರಿದ್ದರು, ಶಾಲೆಯ ಮಕ್ಕಳ ತಾಯಂದಿರಿದ್ದರು. ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದು ಆ ನೆಲದ ನೆರೆಯಲ್ಲೇ ಇದೆ. ಕೊನೆಗೆ ಕಂಪನಿ ಜೂಜಿನ ಭಾಗವನ್ನು ಅರ್ಜಿಯಿಂದ ತೆಗೆದುಹಾಕಿತು. ಉಳಿದ ರೆಸಾರ್ಟಿಗೆ ನಗರಸಭೆ ಒಪ್ಪಿಗೆ ಕೊಟ್ಟಿತು. ಮಸೀದಿ, ಚರ್ಚುಗಳ ಜನ ಒಂದೇ ಮೈಕಿನ ಮುಂದೆ ಸರದಿ ಕಾಯ್ದು ನಿಂತ ಆ ಮಧ್ಯರಾತ್ರಿ ಇಂದಿನ ಟೆಕ್ಸಸ್ಸಿನಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಸಭಾಂಗಣ, ಹೋಟೆಲುಗಳು ಮೊದಲು ಬರುತ್ತವೆ, ಅವುಗಳಿಗೆ ಒಗ್ಗಿಕೊಂಡ ಊರಿಗೆ ಉಳಿದದ್ದು ಆಮೇಲೆ ಬರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟನ್ನು ಹೇಳಿದವರು ಓಕ್ಲಹೋಮಾದ ಬುಡಕಟ್ಟು ರಾಷ್ಟ್ರಗಳ ಕ್ಯಾಸಿನೊಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿದರೆ ದೊಡ್ಡ ಅನ್ಯಾಯವಾಗುತ್ತದೆ. ಚಾಕ್ಟಾ, ಚಿಕಸಾ ಜನರ ಮೂಲ ನೆಲ ಇಂದಿನ ಮಿಸಿಸಿಪಿ, ಅಲಬಾಮಾಗಳದ್ದು. 1830ರ ಕಾನೂನಿನ ಬಲದಿಂದ ಅವರನ್ನು ಅಲ್ಲಿಂದ ಎಬ್ಬಿಸಿ, ಚಳಿಯಲ್ಲಿ ಹಸಿವಿನಲ್ಲಿ ನಡೆಸಿ ಈ ನದಿಯ ಆಚೆ ದಡಕ್ಕೆ ತಂದು ಬಿಟ್ಟರು. ಈಚೆ ದಡದಲ್ಲಿ ಟೆಕ್ಸಸ್ ಗಣರಾಜ್ಯ 1839ರಲ್ಲಿ ಚೆರೋಕಿಗಳನ್ನು ಬಂದೂಕಿನಿಂದಲೇ ಓಡಿಸಿತು. ಇಷ್ಟು ದೊಡ್ಡ ರಾಜ್ಯದಲ್ಲಿ ಇಂದು ಒಕ್ಕೂಟ ಸರ್ಕಾರದ ಮಾನ್ಯತೆಯಿರುವ ಬುಡಕಟ್ಟುಗಳು ಮೂರೇ ಮೂರು. ಅವುಗಳಲ್ಲಿ ಎರಡು ತಮ್ಮ ನೆಲದಲ್ಲಿ ಬಿಂಗೊ ಆಡಿಸಲಿಕ್ಕೂ ರಾಜ್ಯದೊಡನೆ ದಶಕಗಟ್ಟಲೆ ಹೋರಾಡಿ 2022ರಲ್ಲಿ ಸುಪ್ರೀಂ ಕೋರ್ಟಿನಿಂದ ನ್ಯಾಯ ಪಡೆಯಬೇಕಾಯಿತು. ತೆರಿಗೆ ಹಾಕಲು ನೆಲವನ್ನೂ ಉದ್ಯಮವನ್ನೂ ಉಳಿಸದೆ ಬಿಟ್ಟವರಿಗೆ 1988ರ ಇಂಡಿಯನ್ ಗೇಮಿಂಗ್ ಕಾಯ್ದೆ ಒಂದು ದಾರಿ ತೆರೆಯಿತು. ಓಕ್ಲಹೋಮಾದ ಮತದಾರರು 2004ರಲ್ಲಿ ಅದನ್ನು ಅಗಲ ಮಾಡಿದರು. ಆ ಹಣದಿಂದ ಆ ರಾಷ್ಟ್ರಗಳು ಆಸ್ಪತ್ರೆ ಕಟ್ಟಿವೆ, ವಿದ್ಯಾರ್ಥಿವೇತನ ಕೊಡುತ್ತಿವೆ, ಅಳಿಯುತ್ತಿದ್ದ ಭಾಷೆಗಳನ್ನು ಮಕ್ಕಳಿಗೆ ಕಲಿಸುತ್ತಿವೆ. ಭಾಷೆಯ ಹೆಸರಿನಲ್ಲಿ ಸಭೆ ಸೇರುವ ನಮಗೆ ಕೊನೆಯದು ಮುಖ್ಯವಾಗಬೇಕು.

ಹಾಗಾದರೆ ಥ್ಯಾಕರ್‌ವಿಲ್‌ಗೆ ಹೋಗುವುದೇ ಪ್ರಗತಿಪರ ಆಯ್ಕೆಯಲ್ಲವೇ ಎಂದು ಗೆಳೆಯರು ಕೇಳಿದರು. ಚುರುಕಾದ ವಾದ. ನಮಗೆ ಅದು ಒಪ್ಪಿಗೆಯಾಗಲಿಲ್ಲ, ಯಾಕೆಂದರೆ ಅಗ್ಗದ ಕೋಣೆಗೆ ಹೋದವರು ಆ ರಾಷ್ಟ್ರಕ್ಕೆ ಕೊಡುವುದಕ್ಕಿಂತ ಪಡೆಯುವುದೇ ಹೆಚ್ಚು. ಆ ಜನರ ಭಾಷಾಕೆಲಸದ ಬಗ್ಗೆ ಕಾಳಜಿ ಇದ್ದರೆ ಅವರ ಭಾಷಾಶಿಕ್ಷಕರೊಬ್ಬರನ್ನು ನಮ್ಮ ಗೋಷ್ಠಿಗೆ ಗೌರವಧನ ಕೊಟ್ಟು ಕರೆಯಬಹುದು. ಆ ಸೂಚನೆ ನಮ್ಮ ಕಾರ್ಯಕ್ರಮದಲ್ಲಿ ಈಗ ಸೇರಿದೆ.

ಸಭೆ ಎಂಬ ಮಾತಿನ ಬಗ್ಗೆಯೇ ಇಲ್ಲೊಂದು ಕುತೂಹಲದ ಸಂಗತಿಯಿದೆ. ವೇದದ ಕಾಲದಲ್ಲಿ ಸಭೆ ಎಂದರೆ ಜನ ಸೇರಿ ಮಾತಾಡುವ ಜಾಗವೂ ಹೌದು, ಪಗಡೆಯಾಡುವ ಜಾಗವೂ ಹೌದು. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದ ಜೂಜುಗಾರ ಗೆಲ್ಲುವೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಹೋಗುವುದು ಸಭೆಗೇ. ಮಹಾಭಾರತದ ಸಭಾಪರ್ವದಲ್ಲಿ ಧೃತರಾಷ್ಟ್ರ ಸಾವಿರ ಕಂಬಗಳ ಹೊಸ ಸಭಾಭವನ ಕಟ್ಟಿಸಿ, ಬಂದು ನೋಡಿ ಆನಂದಿಸಿ ಎಂದು ಪಾಂಡವರಿಗೆ ವಿದುರನ ಮೂಲಕ ಕರೆ ಕಳಿಸುತ್ತಾನೆ. ಪಂಪ, ಕುಮಾರವ್ಯಾಸರಿಂದ ಹಿಡಿದು ತಾಳಮದ್ದಳೆಯ ಅರ್ಥಧಾರಿಗಳವರೆಗೆ ಕನ್ನಡದವರು ಈ ಪ್ರಸಂಗವನ್ನು ಮತ್ತೆ ಮತ್ತೆ ಕೆದಕಿದ್ದಾರೆ. ನಮಗೆ ಯಾವಾಗಲೂ ನೆನಪಾಗುವುದು ಶಕುನಿಯ ದಾಳವಲ್ಲ. ತನ್ನನ್ನು ಮೊದಲೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಯದು ಎಂದು ದ್ರೌಪದಿ ಕೇಳಿದಾಗ ಆ ತುಂಬಿದ ಸಭೆಯ ಹಿರಿಯರು ತಲೆ ತಗ್ಗಿಸಿ ಕೂತದ್ದು. ಅವರೂ ಆಡಲು ಬಂದವರಲ್ಲ, ಅತಿಥಿಗಳಾಗಿ ಕೂತವರು.

ನಮ್ಮ ಮನೆಗಳಲ್ಲಿಯೂ ಸೋತವರಿದ್ದಾರೆ. ಎರಡನೆಯ ಅಡಮಾನದ ಸಾಲವನ್ನು ಹೆಂಡತಿಗೆ ತಿಳಿಯದಂತೆ ಪಡೆದವರು, ಮಗಳ ಕಾಲೇಜಿನ ಖಾತೆಯನ್ನು ಬರಿದು ಮಾಡಿದವರು, ಪ್ರತಿ ಶುಕ್ರವಾರ 'ಕ್ಲಯಂಟ್ ಮೀಟಿಂಗ್' ಎಂದು ನದಿ ದಾಟುವವರು. ವೀಸಾದ ನೆರಳಿನಲ್ಲಿ ಬದುಕುವ ಕುಟುಂಬದಲ್ಲಿ ಇದನ್ನು ಹೇಳಿಕೊಳ್ಳಲು ಬಾಯಿಯಿಲ್ಲ. ಊರಿನಲ್ಲಿದ್ದರೆ ಅತ್ತೆ, ಮಾವ, ಪಕ್ಕದ ಮನೆಯವರಾದರೂ ಗುಟ್ಟು ಒಡೆಯುತ್ತಿದ್ದರು. ಜೊತೆಗೆ ನಮ್ಮ ಆಷಾಢಭೂತಿತನವೂ ಇದೆ. ಯಂತ್ರದ ಮುಂದೆ ಕೂತ ಮುದುಕಿಯನ್ನು ಕಂಡು ಅಯ್ಯೋ ಎನ್ನುವವರು ಮಧ್ಯಾಹ್ನದ ಮೀಟಿಂಗಿನಲ್ಲಿ ಮೇಜಿನಡಿ ಫೋನು ಹಿಡಿದು ಆಪ್ಷನ್ ಟ್ರೇಡಿಂಗ್ ಮಾಡುತ್ತಾರೆ. ಸಂಘಗಳ ಧನಸಂಗ್ರಹಕ್ಕೆ 'ಕ್ಯಾಸಿನೊ ನೈಟ್' ಎಂಬ ಹೊಸ ಚಾಳಿಯೂ ಬಂದಿದೆ. ಹಣ ಕೊಟ್ಟು, ಅದೃಷ್ಟದಿಂದ, ಬಹುಮಾನ ಗೆಲ್ಲುವುದು ಎಂಬ ಮೂರೂ ಸೇರಿದರೆ ಟೆಕ್ಸಸ್ಸಿನ ಕಾನೂನಿನಲ್ಲಿ ಅದು ಜೂಜೇ, ಉದ್ದೇಶ ಎಷ್ಟೇ ದೊಡ್ಡದಿರಲಿ. ನೋಂದಾಯಿತ ದತ್ತಿ ಸಂಸ್ಥೆಗಳಿಗೆ ಕಾನೂನು ಬಿಟ್ಟುಕೊಟ್ಟಿರುವುದು ಮುಖ್ಯವಾಗಿ ನಿಯಮಬದ್ಧವಾದ ರಾಫಲ್ ಚೀಟಿಯನ್ನು, ಅದಕ್ಕೂ ನಗದು ಬಹುಮಾನ ಕೂಡದು. ಪದಾಧಿಕಾರಿಗಳು ಇದನ್ನಾದರೂ ಓದಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಆ ದರಪಟ್ಟಿ ತೋರಿಸಿದ ಗೆಳೆಯರ ಮಾತಿನ ಇನ್ನೊಂದು ಭಾಗವನ್ನು ನಾವು ತಳ್ಳಿಹಾಕುವಂತಿಲ್ಲ. "ಕ್ಯಾಸಿನೊದವರು ನನ್ನ ತಟ್ಟೆಯಲ್ಲಿ ಏನಿದೆ ಎಂದು ಕೇಳುವುದಿಲ್ಲ" ಎಂದರು ಅವರು. ಈ ರಾಜ್ಯದಲ್ಲಿ ನಮ್ಮವರಿಗೆ ಸುಲಭವಾಗಿ, ಅಗ್ಗವಾಗಿ ಸಿಗುವ ಸಭಾಂಗಣಗಳು ದೇವಸ್ಥಾನಗಳವು. ಅಲ್ಲಿ ಮಾಂಸದಡುಗೆ ಕೂಡದು. ನಾಟಕದ ಹಸ್ತಪ್ರತಿಯನ್ನು ಮೊದಲೇ ತೋರಿಸಿ ಎಂದು ಕೇಳಿದ ಅನುಭವವೂ ನಮ್ಮಲ್ಲಿ ಕೆಲವರಿಗಿದೆ. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಮದ್ಯ, ತಂಬಾಕುಗಳ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದಕ್ಕೆ ಎದ್ದ ಪ್ರತಿಭಟನೆಯನ್ನು ನಾವು ಇದೇ ಪುಟಗಳಲ್ಲಿ ಬೆಂಬಲಿಸಿದ್ದೆವು. ಕಡಲಾಚೆ ಬಂದು ಅದೇ ಪಂಕ್ತಿಯಲ್ಲಿ ಸುಮ್ಮನೆ ಕೂರುವುದು ಹೇಗೆ? ಎಲ್ಲರನ್ನೂ ಒಂದೇ ನಗುಮುಖದಿಂದ ಒಳಗೆ ಬಿಡುವ ಜಾಗ ಕ್ಯಾಸಿನೊ ಎಂಬುದು ನಿಜ. ಜೇಬಿಗೆ ಜಾತಿಯಿಲ್ಲವಲ್ಲ.

ದೇವಸ್ಥಾನದ ಸಭಾಂಗಣ, ಇಲ್ಲದಿದ್ದರೆ ಕ್ಯಾಸಿನೊದ ಬಾಲ್‌ರೂಮ್, ಈ ಎರಡರ ನಡುವೆ ಆರಿಸಿಕೊಳ್ಳಬೇಕಾದ ಸ್ಥಿತಿಗೆ ಬಂದದ್ದರಲ್ಲಿ ನಮ್ಮ ಪಾಲೂ ಇದೆ. ನಾವು ಇಷ್ಟು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದೇವೆ, ಆ ತೆರಿಗೆಯಿಂದ ಕಟ್ಟಿದ ಜಾಗಗಳನ್ನು ನಮ್ಮವೆಂದು ಬಳಸಲು ಕಲಿತಿಲ್ಲ. ಮೂರೂ ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಭೆಯ ಕೋಣೆಗಳಿವೆ. ಶಾಲಾ ಜಿಲ್ಲೆಗಳು ರಜಾದಿನಗಳಲ್ಲಿ ರಂಗಮಂದಿರ ಬಾಡಿಗೆಗೆ ಕೊಡುತ್ತವೆ, ಅವುಗಳ ಬೆಳಕಿನ ವ್ಯವಸ್ಥೆ ಹೋಟೆಲಿನ ಬಾಲ್‌ರೂಮಿಗಿಂತ ನಾಟಕಕ್ಕೆ ಎಷ್ಟೋ ವಾಸಿ. ಸಮುದಾಯ ಕಾಲೇಜುಗಳಿವೆ, ಕಾರ್ಮಿಕ ಸಂಘಗಳ ಭವನಗಳಿವೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿ, ಅಡಿಕೆ ತೋಟಗಳ ನಡುವೆ 1972ರಲ್ಲಿ ರಂಗಮಂದಿರ ಕಟ್ಟಿಕೊಂಡದ್ದನ್ನು ಭಾಷಣಗಳಲ್ಲಿ ಕೊಂಡಾಡುವ ನಾವು, ಇಲ್ಲಿ ಸಮ್ಮೇಳನವೆಂದರೆ ತೂಗುದೀಪ, ನೆಲಹಾಸು, ಬೆಂಗಳೂರಿನಿಂದ ಬರುವ ತಾರೆಯರು,

ಮಂತ್ರಿಗಳ ದಂಡು ಎಂದುಕೊಂಡುಬಿಟ್ಟಿದ್ದೇವೆ. ಶಾಲೆಯಲ್ಲಿ ತಂಗುವ ಕೋಣೆಯಿಲ್ಲ, ಹೊರಗಿಂದ ಬಂದವರನ್ನು ಮನೆಗಳಲ್ಲಿ ಇರಿಸಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದವರು ಕವಿಗಳನ್ನು ಹಾಗೆಯೇ ಮನೆಯ ಸೋಫಾದ ಮೇಲೆ ಮಲಗಿಸಿದ್ದರು, ಬೆಳಗಿನ ಜಾವದವರೆಗೆ ಮಾತಾಡಿದ್ದರು. ಈಗ ಮನೆಗಳು ಐದು ಬೆಡ್‌ರೂಮಿನವಾಗಿವೆ.

ಯಾವ ಜಾಗಕ್ಕೆ ಹೋದರೂ ಒಪ್ಪಂದದ ಕಾಗದವನ್ನು ಕಣ್ಣು ತೆರೆದು ಓದಬೇಕು. ಹಿಡಿದ ಕೋಣೆಗಳಲ್ಲಿ ಇಷ್ಟು ತುಂಬದಿದ್ದರೆ ದಂಡ, ಊಟಕ್ಕೆ ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು, ಅದರ ಮೇಲೆ ಸೇವಾಶುಲ್ಕ, ಅದರ ಮೇಲೂ ತೆರಿಗೆ, ಹೊರಗಿನ ಅಡುಗೆ ತಂದರೆ ತಲೆಗಿಷ್ಟು. ಅಗ್ಗವೆಂದು ಕಂಡ ಆ ದರಪಟ್ಟಿಯ ಕೊನೆಯ ಪುಟದಲ್ಲಿಯೂ ಇವೆಲ್ಲ ಇದ್ದವು. ನಮ್ಮ ಹನ್ನೆರಡು ಮಂದಿಯಲ್ಲಿ ಆ ಪುಟದವರೆಗೆ ಹೋದವರು ಅಕ್ಕ ಒಬ್ಬರೇ.

ಮೊನ್ನೆ ಹ್ಯೂಸ್ಟನ್ನಿನ ಸದಸ್ಯೆ ತಮ್ಮ ಮಗ ಓದುವ ಹೈಸ್ಕೂಲಿನ ಬಾಡಿಗೆಪಟ್ಟಿಯನ್ನು ಕಳಿಸಿದ್ದಾರೆ. ರಂಗಮಂದಿರ, ಆರು ತರಗತಿ ಕೋಣೆ, ಊಟದ ಮನೆ, ಎರಡು ದಿನಕ್ಕೆ. ಮೊತ್ತ ಕ್ಯಾಸಿನೊದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ, ಯಾಕೆಂದರೆ ಭಾನುವಾರ ಶಾಲೆಯ ಇಬ್ಬರು ಸಿಬ್ಬಂದಿ ನಮಗಾಗಿ ಬರಬೇಕು, ಅವರ ಓವರ್‌ಟೈಮ್ ನಾವು ಕೊಡಬೇಕು. ಕೋಳಿಸಾರು ಬಡಿಸಬಹುದೇ ಎಂದು ಕೇಳಿದ್ದಕ್ಕೆ ಶಾಲೆಯವರು ಆಶ್ಚರ್ಯಪಟ್ಟು, ಯಾಕೆ ಬಡಿಸಬಾರದು ಎಂದು ಮರುಪ್ರಶ್ನೆ ಹಾಕಿದರಂತೆ. ಓವರ್‌ಟೈಮಿನ ಮೊತ್ತವನ್ನು ಸೇರಿಸಿ ಮುಂಗಡ ಕಟ್ಟಿದ್ದೇವೆ. ಆಸ್ಟಿನ್ನಿನಿಂದಲೂ ಡಲ್ಲಾಸಿನಿಂದಲೂ ಬರುವವರಿಗೆ ಮನೆಗಳು ಬೇಕು, ಈವರೆಗೆ ಒಂಬತ್ತು ಮನೆಯವರು ಹೆಸರು ಕೊಟ್ಟಿದ್ದಾರೆ.